ಪೊಕಿಪ್ಸಿಯಲ್ಲಿ ನಮ್ಮ ಕಡೆಯ ಹುಡುಗಿ

ಮಗಳ ಮನೆಯಲ್ಲಿದ್ದ ಆರು ವಾರದಲ್ಲಿ ನಯಾಗರ ನೋಡಿದೆ, ವಾಷಿಂಗ್ಟನ್ ನೋಡಿದೆ. ಮನಸ್ಸಿನಲ್ಲಿ ಉಳಿದದ್ದು ಪೊಕಿಪ್ಸಿ. ನ್ಯೂಯಾರ್ಕಿನಿಂದ ರೈಲಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆ. ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ, ಹಡ್ಸನ್ ನದಿ ಪಕ್ಕದಲ್ಲೇ ಬರುತ್ತದೆ.

ಬಿಯರ್ ತಯಾರಿಸಿ ದುಡ್ಡು ಮಾಡಿದ ಮ್ಯಾಥ್ಯೂ ವಾಸರ್ ಹೆಣ್ಣುಮಕ್ಕಳಿಗೆಂದೇ ಇಲ್ಲಿ ಕಾಲೇಜು ಕಟ್ಟಿಸಿದ. ಪಾಠ ಶುರುವಾದದ್ದು 1865ರ ಸೆಪ್ಟೆಂಬರಿನಲ್ಲಿ. ಹಳೆಯ ಕಟ್ಟಡದ ಕಾರಿಡಾರುಗಳು ನಮ್ಮ ಹಳೇ ಮನೆಗಳ ಪಡಸಾಲೆಯಷ್ಟು ಅಗಲ. ಹಿಮ ಬಿದ್ದಾಗ ಘೇರಿನ ಲಂಗದ ಹುಡುಗಿಯರು ಒಳಗೇ ಅಡ್ಡಾಡಲಿ ಅಂತ ಹಾಗೆ ಮಾಡಿದ್ದಂತೆ. ಹುಡುಗಿಯರು ಅಡ್ಡಾಡಿ ಸುಮ್ಮನಾಗಲಿಲ್ಲ. ಮರುವರ್ಷವೇ ಬೇಸ್‌ಬಾಲ್ ತಂಡ ಕಟ್ಟಿದರು, 1895ರಲ್ಲಿ ಓಟ, ಜಿಗಿತದ ಕ್ರೀಡಾಕೂಟವನ್ನೇ ನಡೆಸಿದರು. ಕೋಣೆಗಳಲ್ಲಿ ಫಡ್ಜ್ ಎಂಬ ಮಿಠಾಯಿ ಕಾಯಿಸುವ ಹುಚ್ಚು ಬೇರೆ. 1888ರಲ್ಲಿ ಎಮೆಲಿನ್ ಹಾರ್ಟ್‌ರಿಜ್ ಎಂಬ ವಿದ್ಯಾರ್ಥಿನಿ ಕಾಲೇಜಿನ ಹರಾಜಿಗೆಂದು 30 ಪೌಂಡ್ ತೂಕದ ಫಡ್ಜ್ ಮಾಡಿದ್ದಳು. ಪೇಟೆಯಲ್ಲಿ ಕೊಂಡು ತಿಂದೆ. ಧಾರವಾಡ ಪೇಢೆ ತಿಂದ ನಾಲಿಗೆಗೆ ಅದು ಬರೀ ಸಕ್ಕರೆ.

ಖಗೋಳಶಾಸ್ತ್ರ ಕಲಿಸುತ್ತಿದ್ದ ಮರಾಯ ಮಿಚೆಲ್ ಇದ್ದ ಕಾಲೇಜಿನ ವೀಕ್ಷಣಾಲಯದ ಮುಂದೆ ಮಾತ್ರ ಬಹಳ ಹೊತ್ತು ನಿಂತೆ. ಧೂಮಕೇತು ಕಂಡುಹಿಡಿದು ಹೆಸರಾದ ಆ ಪ್ರಾಧ್ಯಾಪಕಿಯ ಮನೆಯೂ ಅದೇ. ವರ್ಷಕ್ಕೊಮ್ಮೆ ಗುಮ್ಮಟದ ಕೆಳಗೆ ಶಿಷ್ಯೆಯರಿಗೆ ಔತಣ, ಅವರ ಮೇಲೆ ತಾನೇ ಕಟ್ಟಿದ ಪದ್ಯ. 1878ರ ಸೂರ್ಯಗ್ರಹಣಕ್ಕೆ ಶಿಷ್ಯೆಯರನ್ನು ಕಟ್ಟಿಕೊಂಡು ಡೆನ್ವರ್‌ವರೆಗೆ ಹೋಗಿದ್ದಳು ಪುಣ್ಯಾತ್ಗಿತ್ತಿ. 1980ರಲ್ಲಿ ಖಗ್ರಾಸ ಗ್ರಹಣ ನಮ್ಮ ಹುಬ್ಬಳ್ಳಿಯ ನೆತ್ತಿಯ ಮೇಲೇ ಬಂದಾಗ ನನ್ನನ್ನು ಒಳಗೆ ಕೂಡಿಸಿ ಚಿಲಕ ಹಾಕಿದ್ದರು. ಆ ಸಂಕಟ ಇನ್ನೂ ಹೋಗಿಲ್ಲ.

ನಾನು ಬಂದದ್ದು ನಿಜಕ್ಕೂ ಮರಾಠಿ ಹುಡುಗಿ ಆನಂದಿಬಾಯಿ ಜೋಶಿಗಾಗಿ. ಈ ಕಾಲೇಜು ಬಾಗಿಲು ತೆರೆದ ವರ್ಷವೇ ಹುಟ್ಟಿದವಳು. ಒಂಬತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ಹೆತ್ತ ಕೂಸು ಹತ್ತೇ ದಿನಕ್ಕೆ ಹೋಯಿತು. ಫಿಲಡೆಲ್ಫಿಯದಲ್ಲಿ ವೈದ್ಯಕೀಯ ಓದಿ 1886ರಲ್ಲಿ ಡಾಕ್ಟರಾದಳು. ಆ ಪದವಿ ಸಮಾರಂಭಕ್ಕೆ ಬಂದಿದ್ದ ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ ನಮ್ಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಮರುವರ್ಷ ಪುಣೆಯಲ್ಲಿ ಕ್ಷಯದಿಂದ ಆನಂದಿ ತೀರಿಕೊಂಡಳು. ಅಮೆರಿಕದಲ್ಲಿ ತಾಯಿಯಂತೆ ನೋಡಿಕೊಂಡಿದ್ದ ಕಾರ್ಪೆಂಟರ್ ಎಂಬಾಕೆಗೆ ಬೂದಿ ಕಳಿಸಿದರು. ಆಕೆ ಅದನ್ನು ಇಲ್ಲಿ ತಮ್ಮ ಮನೆತನದ ಜಾಗದಲ್ಲಿ ಹೂಳಿಸಿದಳು.

ಟ್ಯಾಕ್ಸಿಯವನು ಸ್ಮಶಾನದ ಯಾವುದೋ ಮೂಲೆಯಲ್ಲಿ ಇಳಿಸಿ ಹೋಗಿಬಿಟ್ಟ. ಸಾವಿರಾರು ಕಲ್ಲುಗಳ ನಡುವೆ ಎರಡು ತಾಸು ಅಲೆದೆವು. ಹೋಗುವವರು ಸಮಾಧಿ ಯಾವ ವಿಭಾಗದಲ್ಲಿದೆ ಅಂತ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ, ವಾಪಸು ಬರುವ ಗಾಡಿಗೂ ಮೊದಲೇ ಹೇಳಿಡಿ.

ಕಲ್ಲು ಸಿಕ್ಕಾಗ ಹತ್ತಿರದಲ್ಲಿ ಒಬ್ಬ ಅಜ್ಜಿ ಗಂಡನ ಸಮಾಧಿಗೆ ಸೇವಂತಿಗೆ ಕುಂಡ ಇಡುತ್ತಿದ್ದರು.

"ನಿಮ್ಮ ಸಂಬಂಧಿಕರಾ?" ಅಂದರು.

ಭಾಷೆ ಬೇರೆ, ರಾಜ್ಯ ಬೇರೆ ಅಂತೆಲ್ಲ ಹೇಳಲು ಬಾಯಿ ಬರಲಿಲ್ಲ. "ಹೌದು, ನಮ್ಮ ಕಡೆಯವಳು" ಅಂದೆ. ಮಗಳು ಇಂಗ್ಲಿಷಿನಲ್ಲಿ ಹೇಳಿದಳು.

"ಎಷ್ಟು ವಯಸ್ಸಾಗಿತ್ತು?"

"ಇಪ್ಪತ್ತೆರಡು ತುಂಬಲು ಒಂದು ತಿಂಗಳಿತ್ತು."

"ಎಷ್ಟು ಜನಕ್ಕೆ ಔಷಧ ಕೊಟ್ಟಳು?"

"ಕೊಡಲಿಲ್ಲ. ಕೊಲ್ಹಾಪುರದಲ್ಲಿ ಕೆಲಸ ಕಾದಿತ್ತು, ಅಷ್ಟರಲ್ಲಿ ಹೋದಳು."

ಅಜ್ಜಿ ಕಲ್ಲಿನ ಮೇಲೆ ಕೆತ್ತಿದ ಹೆಸರನ್ನು ಬೆರಳಿಂದ ಸವರಿದರು. "ಇದನ್ನು ಹೇಗೆ ಕರೆಯುವುದು?" ನಾನು ಹೇಳಿದೆ. ಅವರು ಮೂರು ಸಲ ಹೇಳಿ ನೋಡಿದರು. ಮೂರನೆಯದು ಸರಿಯಾಗಿತ್ತು. ಆಮೇಲೆ ಕುಂಡದಿಂದ ಎರಡು ಹೂ ಮುರಿದು ನನ್ನ ಕೈಗೆ ಕೊಟ್ಟರು.

ಪರ್ಸಿನಲ್ಲಿ ಬನಶಂಕರಿಯ ಕುಂಕುಮದ ಪೊಟ್ಟಣವಿತ್ತು. ಮುತ್ತೈದೆಯಾಗಿ ಹೋದ ಹುಡುಗಿ. ಕಲ್ಲಿಗೆ ಹಚ್ಚಿ, ಹೂ ಇಟ್ಟು, ಅಲ್ಲೇ ಹುಲ್ಲಿನ ಮೇಲೆ ಕೂತೆ. ಮಗಳು ಗಾಡಿಗೆ ಫೋನ್ ಮಾಡುತ್ತಿದ್ದಳು.