ನೇರ ಗೆರೆ, ಅಡ್ಡ ಬಂದ ಕಪಾಟು

ಅಮೆರಿಕದ ಸಂಗೀತಗಾರ ಲಾ ಮಾಂಟೆ ಯಂಗ್ 1960ರಲ್ಲಿ ಬರೆದ ಒಂದು ಕೃತಿಯಲ್ಲಿ ಸ್ವರವೂ ಇಲ್ಲ, ತಾಳವೂ ಇಲ್ಲ. ಇರುವುದು ಒಂದೇ ಸಾಲು: ನೇರ ಗೆರೆ ಎಳೆದು ಅದನ್ನು ಹಿಂಬಾಲಿಸಬೇಕು. ಇಂಥ ಸೂಚನೆಗಳೇ ಕಲೆ ಅಂತ ಓದಿ ಓದಿ ಸಾಕಾಗಿತ್ತು. ಒಂದು ರಜೆಯ ದಿನ ಮಾಡಿಯೇ ನೋಡೋಣ ಅಂತ ಸೀಮೆಸುಣ್ಣ ಹಿಡಿದೆ.

ಬಾಗಿಲಿಂದ ಶುರು ಮಾಡಿದೆ. ಸ್ವಲ್ಪ ದೂರಕ್ಕೇ ಕುರ್ಚಿಯ ಕಾಲು ಅಡ್ಡ ಬಂತು. ಸರಿಸಬಹುದಾ? ಸೂಚನೆಯಲ್ಲಿ ಅದರ ಮಾತೇ ಇಲ್ಲ. ಸರಿಸಿದೆ. ಮುಂದೆ ಕಪಾಟು. ಅದು ಅಲ್ಲಾಡಲಿಲ್ಲ. ಗೆರೆಯನ್ನು ಅದರ ಮೈಮೇಲೆ ಹತ್ತಿಸಿದೆ. ಹಾಗೆ ಮೇಲೆ ಹೋದ ಗೆರೆ ಇನ್ನೂ ನೇರವೇನಾ? ಓದುವಾಗ ಇದು ಪ್ರಶ್ನೆಯೇ ಅಲ್ಲ. ನೆಲದ ಮೇಲೆ ಮಂಡಿಯೂರಿ ಕೂತವನಿಗೆ ದೊಡ್ಡ ಪ್ರಶ್ನೆ. ಅಷ್ಟರಲ್ಲಿ ಅಕ್ಕ ಬಂದು, "ಇದನ್ನೆಲ್ಲ ಒರೆಸೋರು ಯಾರು?" ಅಂದಳು. ಅದೂ ಸೂಚನೆಯಲ್ಲಿ ಇರಲಿಲ್ಲ.

ಇದೇ ಸಾಲನ್ನು ಕೊರಿಯಾ ಮೂಲದ ಕಲಾವಿದ ನಾಮ್ ಜೂನ್ ಪೈಕ್ 1962ರಲ್ಲಿ ಜರ್ಮನಿಯ ವೀಸ್‌ಬಾಡೆನ್‌ನಲ್ಲಿ ಮಾಡಿ ತೋರಿಸಿದ್ದರು. ಕೂದಲನ್ನೇ ಶಾಯಿ, ಟೊಮೆಟೊ ರಸದಲ್ಲಿ ಅದ್ದಿ, ನೆಲಕ್ಕೆ ಹಾಸಿದ ಕಾಗದದ ಮೇಲೆ ತಲೆಯಿಂದ ಗೆರೆ ಎಳೆದರು. ಓದಿದಾಗ ಸುಮ್ನೆ ಗಮನ ಸೆಳೆಯೋಕೆ ಮಾಡಿದ್ದು ಅನಿಸಿತ್ತು. ಕಪಾಟಿನ ಮುಂದೆ ಸಿಕ್ಕಿಬಿದ್ದ ಮೇಲೆ ಹಾಗನಿಸಲಿಲ್ಲ. ಸೂಚನೆ ಚಿಕ್ಕದಾದಷ್ಟೂ ಮಾಡುವವರ ತಲೆಗೆ ಕೆಲಸ ಜಾಸ್ತಿ. (ಪೈಕ್ ಅವರದ್ದಂತೂ ನಿಜವಾಗಿಯೂ ತಲೆಗೇ ಕೆಲಸ.)

ಅಮೆರಿಕದ ಕಲಾವಿದ ಸಾಲ್ ಲೆವಿಟ್ 1967ರಲ್ಲಿ ಇದಕ್ಕೆ ಉಲ್ಟಾ ಬರೆದಿದ್ದರು. ಈ ಬಗೆಯ ಕಲೆಯಲ್ಲಿ ತೀರ್ಮಾನಗಳೆಲ್ಲ ಮೊದಲೇ ಆಗಿರುತ್ತವೆ, ಮಾಡುವುದು ಬರೀ ಶಾಸ್ತ್ರಕ್ಕೆ ಅನ್ನುವ ಅರ್ಥದ ಮಾತು. ಅವರ ಎಷ್ಟೋ ಗೋಡೆಚಿತ್ರಗಳನ್ನು ಅವರ ಸೂಚನೆ ನೋಡಿ ಬರೆದವರು ಬೇರೆಯವರೇ. ಅವರಲ್ಲಿ ಒಬ್ಬರನ್ನಾದರೂ ಕೇಳಬೇಕಿತ್ತು. ಗೋಡೆ ಉಬ್ಬಿದ್ದ ಕಡೆ ಏನು ಮಾಡಿದಿರಿ ಅಂತ.

ಮಧ್ಯಾಹ್ನ ಇನ್ನೂ ಸುಲಭದ್ದನ್ನು ಹಿಡಿದೆ. ಜಪಾನಿನ ಕಲಾವಿದೆ ಯೋಕೊ ಓನೊ 1955ರಲ್ಲಿ ಬರೆದದ್ದು: ಬೆಂಕಿಕಡ್ಡಿ ಹಚ್ಚಿ, ಆರುವವರೆಗೂ ನೋಡಬೇಕು. ಇದರಲ್ಲಿ ತಲೆಕೆಡಿಸಿಕೊಳ್ಳೋಕೆ ಏನಿದೆ ಅಂತ ಕಡ್ಡಿಯನ್ನು ಸ್ವಲ್ಪ ಕೆಳಗೆ ಬಗ್ಗಿಸಿ ಹಿಡಿದೆ. ಉರಿ ಸರಸರ ಬೆರಳಿನವರೆಗೂ ಬಂತು. ಊದುವ ಹಾಗಿಲ್ಲ ಅಲ್ವಾ! ತಟ್ಟೆಗೆ ಹಾಕಿ, ಅಲ್ಲಿಯೇ ನೋಡಿದೆ. ಅಕ್ಕನ ಕೈಗೂ ಒಂದು ಕೊಟ್ಟೆ. ಅವಳು ಮದ್ದಿನ ತುದಿ ಮೇಲಾಗಿ ನೆಟ್ಟಗೆ ಹಿಡಿದಳು. ಉರಿ ಕೆಳಗಿಳಿಯಲಾರದೆ, ಅರ್ಧ ಕಡ್ಡಿಯೂ ಸುಡದೆ ಆರಿಹೋಯಿತು. ಸಾಲು ಒಂದೇ, ಕಡ್ಡಿಯೂ ಅದೇ ಪೆಟ್ಟಿಗೆಯದ್ದು.

"ಇರು, ಅಡ್ಡಕ್ಕೆ ಹಿಡಿದ್ರೆ ಏನಾಗುತ್ತೆ ನೋಡೋಣ" ಅಂತ ಅಕ್ಕ ಪೆಟ್ಟಿಗೆ ಕಸಿದುಕೊಂಡಳು.