ಮೈನಸ್ ವೋಲ್ಟ್ ಮೊದಲು ಬರಬೇಕು, ಕೊನೆಗೆ ಹೋಗಬೇಕು

ಮುಂಗಾರು ಹಿಡಿದ ಮೇಲೆ ಮೂಡಿಗೆರೆ, ಸಕಲೇಶಪುರದ ಕಡೆ ಕರೆಂಟು ಹೋಗಿ ಅರೆಕ್ಷಣದಲ್ಲಿ ವಾಪಸ್ ಬರುವುದು ಮಾಮೂಲು. ಗ್ಯಾಲಿಯಂ ನೈಟ್ರೈಡ್ ಪವರ್ ಟ್ರಾನ್ಸಿಸ್ಟರ್ ಹಾಕಿದ ಟ್ರಾನ್ಸ್‌ಮಿಟರಿಗೆ ಇದು ಮಾರಕ. ಈ ಜಾತಿಯ ಬಹುತೇಕ ಟ್ರಾನ್ಸಿಸ್ಟರ್‌ಗಳು ಗೇಟ್ (ನಿಯಂತ್ರಿಸುವ ಕಾಲು) 0 ವೋಲ್ಟ್‌ನಲ್ಲಿದ್ದರೆ ಕರೆಂಟು ಹರಿಯುವಂತೆ ಪೂರ್ತಿ ತೆರೆದೇ ಇರುತ್ತವೆ. ಮುಚ್ಚಲು ಸುಮಾರು −3 ವೋಲ್ಟ್ ಬೇಕು. ಗೇಟಿಗೆ ಮೈನಸ್ ತಲುಪುವ ಮೊದಲೇ ಡ್ರೇನಿಗೆ (ಪವರ್ ಬರುವ ಕಾಲಿಗೆ) 28 ವೋಲ್ಟ್ ಬಂದರೆ ಚಿಪ್ ಅಲ್ಲೇ ಸುಟ್ಟುಹೋಗುತ್ತದೆ. ಹಾಗಾಗಿ ಆಂಟೆನಾಕ್ಕಿಂತ ಮೊದಲು ಯೋಚಿಸಬೇಕಾದದ್ದು ಬಯಾಸ್, ಅಂದರೆ ಗೇಟಿಗೆ ಕೊಡುವ ಸ್ಥಿರ ವೋಲ್ಟೇಜ್ ವಿಷಯ.

ಮೈನಸ್ ವೋಲ್ಟೇಜ್ ತೆಗೆಯಲು ಅಗ್ಗದ ದಾರಿ 7660 ಚಾರ್ಜ್ ಪಂಪ್, ಅಂದರೆ ಕೆಪ್ಯಾಸಿಟರ್ ತುಂಬಿ ತಿರುಗಿಸಿ ಪ್ಲಸ್ಸನ್ನು ಮೈನಸ್ ಮಾಡುವ ಚಿಪ್. ಒಳಗಿನ ಆಸಿಲೇಟರ್ 10 ಕಿಲೋಹರ್ಟ್ಸ್. ಅದು ಎರಡರಿಂದ ಭಾಗವಾಗಿ ಪಂಪ್ ನಡೆಯುವುದು 5 ಕಿಲೋಹರ್ಟ್ಸ್‌ನಲ್ಲಿ. ಪಿನ್ 2 ಮತ್ತು 4ರ ನಡುವೆ 10 ಮೈಕ್ರೋಫ್ಯಾರಡ್, ಔಟ್‌ಪುಟ್ ಪಿನ್ 5ಕ್ಕೆ ಇನ್ನೊಂದು 10. ಔಟ್‌ಪುಟ್ ಕೆಪ್ಯಾಸಿಟರಿನ ಪ್ಲಸ್ ಕಾಲು ಗ್ರೌಂಡಿಗೆ ಹೋಗಬೇಕು. ತಿರುಗಿಸಿ ಹಾಕುವ ತಪ್ಪು ತುಂಬಾ ಸಾಮಾನ್ಯ. ಪಿನ್ 6 ಗ್ರೌಂಡಿಗೆ ಸೇರುವುದು ಸಪ್ಲೈ 3.5 ವೋಲ್ಟ್‌ಗಿಂತ ಕಡಿಮೆ ಇದ್ದಾಗ ಮಾತ್ರ. ಇಲ್ಲಿ 5 ವೋಲ್ಟ್ ಕೊಡುವುದರಿಂದ ಅದನ್ನು ಖಾಲಿ ಬಿಡಿ. ಚಿಕ್ಕ ಸೆರಾಮಿಕ್ ಹಾಕುವವರು ಗಮನಿಸಿ: ಮೇಲೆ 10 ಎಂದಿದ್ದರೂ 5 ವೋಲ್ಟ್ ಬಿದ್ದಾಗ ಅದರ ನಿಜವಾದ ಕೆಪ್ಯಾಸಿಟೆನ್ಸ್ ಅರ್ಧಕ್ಕೂ ಇಳಿಯಬಹುದು. ಊರಲ್ಲಿ ಒಳ್ಳೆಯದು ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಟ್ಯಾಂಟಲಮ್ ತರಿಸಿಕೊಳ್ಳಿ.

ಪಂಪಿನ ಒಳ ರೆಸಿಸ್ಟೆನ್ಸ್ ಸುಮಾರು 55 ಓಮ್. ಅದರ ಮುಂದೆ 100 ಓಮ್, ಗ್ರೌಂಡಿಗೆ ಮತ್ತೊಂದು 10 ಮೈಕ್ರೋಫ್ಯಾರಡ್ ಸೇರಿಸಿ. ಈ ಫಿಲ್ಟರ್ 5 ಕಿಲೋಹರ್ಟ್ಸ್ ಕಂಪನವನ್ನು ಸುಮಾರು 30 ಡೆಸಿಬೆಲ್ ತಗ್ಗಿಸುತ್ತದೆ. 3 ಮಿಲಿಆಂಪಿಯರ್ ಎಳೆದರೆ ಕೊನೆಗೆ ಉಳಿಯುವುದು −4.5 ವೋಲ್ಟ್. ಬಯಾಸ್ ಹೊಂದಿಸುವ ಪಾಟ್ (ತಿರುಗಿಸುವ ರೆಸಿಸ್ಟರ್) ಇಲ್ಲಿಂದಲೇ ತೆಗೆದುಕೊಳ್ಳಲಿ.

ಡ್ರೇನಿಗೆ ಕಾವಲು ಬೇಕೇ ಬೇಕು. 28 ವೋಲ್ಟ್ ಲೈನಿನಲ್ಲಿ ಸ್ವಿಚ್ಚಿನಂತೆ ಐಆರ್‌ಎಫ್9540 (ಪಿ-ಚಾನೆಲ್ ಮಾಸ್‌ಫೆಟ್) ಇಡಿ. ಅದರ ಸೋರ್ಸ್‌ನಿಂದ ಗೇಟಿಗೆ 10 ಕಿಲೋ ಓಮ್, ಅದಕ್ಕೆ ಅಡ್ಡವಾಗಿ 12 ವೋಲ್ಟ್ ಜೀನರ್ ಡಯೋಡ್. ಗೇಟಿನಿಂದ 22 ಕಿಲೋ ಓಮ್ ಮೂಲಕ ಬಿಸಿ546 (ಎನ್‌ಪಿಎನ್ ಟ್ರಾನ್ಸಿಸ್ಟರ್) ಕಲೆಕ್ಟರ್‌ಗೆ. ಆ ಬಿಸಿ546ರ ಎಮಿಟರ್ ಫಿಲ್ಟರ್ ಆದ ಮೈನಸ್ ಲೈನಿಗೆ. ಬೇಸಿಗೆ ಗ್ರೌಂಡಿನಿಂದ 3.3 ವೋಲ್ಟ್ ಜೀನರ್ ಮತ್ತು 1 ಕಿಲೋ ಓಮ್. ಬೇಸ್-ಎಮಿಟರ್ ನಡುವೆ 2.2 ಕಿಲೋ ಓಮ್. ಮೈನಸ್ ಸುಮಾರು 4 ವೋಲ್ಟ್ ದಾಟಿದ ಮೇಲೆಯೇ ಡ್ರೇನ್ ತೆರೆಯುತ್ತದೆ, ಅದಕ್ಕಿಂತ ಇಳಿದರೆ ಕಡಿಯುತ್ತದೆ. ದೊಡ್ಡ ಕೆಪ್ಯಾಸಿಟರನ್ನು ಮಾಸ್‌ಫೆಟ್‌ನ ಸಪ್ಲೈ ಬದಿಗೇ ಇಡಿ. ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರ್ ಬದಿಗೆ 1000 ಮೈಕ್ರೋಫ್ಯಾರಡ್ ಹಾಕಿದರೆ ಕಾವಲಿದ್ದೂ ಪ್ರಯೋಜನವಿಲ್ಲ: ಕರೆಂಟು ಹೋದಾಗ ಮೈನಸ್ ಇಳಿಯುತ್ತದೆ, ಆ ಕೆಪ್ಯಾಸಿಟರಿನಲ್ಲಿ ಉಳಿದ ಚಾರ್ಜ್ ಚಿಪ್ಪನ್ನು ಕೊಲ್ಲುತ್ತದೆ.

ಆಂಟೆನಾವನ್ನು ಕಳಿಸುವ ಮತ್ತು ಕೇಳುವ ದಾರಿಗಳ ನಡುವೆ ಬದಲಿಸುವ ಅನೇಕ ಆಂಟೆನಾ ಸ್ವಿಚ್ ಚಿಪ್ಪುಗಳಲ್ಲಿ ಇದೇ ಬಗೆಯ ಪಂಪ್ ಒಳಗೇ ಅಡಗಿರುತ್ತದೆ, ಅದನ್ನು ಓಡಿಸುವ ಆಸಿಲೇಟರ್ (ಕ್ಲಾಕ್) ಕೂಡ. ಕಾಫಿ ತೋಟದಲ್ಲಿ ಮಣ್ಣಿನ ತೇವ ಅಳೆಯುವ 865–867 ಮೆಗಾಹರ್ಟ್ಸ್ ನೋಡ್‌ಗಳಲ್ಲಿ (ಚಿಕ್ಕ ರೇಡಿಯೋ ಸೆನ್ಸರ್‌ಗಳಲ್ಲಿ) ಇಂಥವು ಸಿಗುತ್ತವೆ. 1 ವ್ಯಾಟ್ ಎಂದರೆ 50 ಓಮ್‌ನಲ್ಲಿ 10 ವೋಲ್ಟ್ ಶೃಂಗ. ಆಂಟೆನಾ ಕಳಚಿದ್ದರೆ 20ರವರೆಗೂ ಏರಬಹುದು. ಸ್ವಿಚ್ಚಿನೊಳಗೆ ಮುಚ್ಚಿರಬೇಕಾದ ಫೆಟ್‌ಗಳು (ಟ್ರಾನ್ಸಿಸ್ಟರ್‌ಗಳು) ಆ ಏರಿಳಿತದಲ್ಲಿ ತೆರೆದುಕೊಳ್ಳದಂತೆ ತಡೆಯುವುದು ಮೈನಸ್ ಬಯಾಸೇ. ಪ್ರತಿಸಲ ದಾರಿ ಬದಲಿಸುವಾಗ ಗೇಟ್ ಕೆಪ್ಯಾಸಿಟೆನ್ಸ್ ತುಂಬಲು ಪಂಪಿನ ಚಾರ್ಜ್ ಬಳಕೆಯಾಗಿ ಮೈನಸ್ ಕ್ಷಣಕಾಲ ಕುಸಿಯುತ್ತದೆ. ಒಳ್ಳೆಯ ವಿನ್ಯಾಸಗಳು ಆ ಹೊತ್ತಿಗಷ್ಟೇ ಕ್ಲಾಕನ್ನು ವೇಗವಾಗಿ ಓಡಿಸಿ, ಆಮೇಲೆ ನಿಧಾನಗೊಳಿಸುತ್ತವೆ. ನಿಮ್ಮ ಕೋಡಿನಲ್ಲಿ ಸ್ವಿಚ್ ಆಜ್ಞೆ ಮೊದಲು, ಡೇಟಾಶೀಟ್ ಹೇಳಿದಷ್ಟು ಕಾಯುವುದು ನಂತರ, ಪವರ್ ಆಂಪ್ಲಿಫೈಯರ್ ಕೊನೆಗೆ. ಕಾಯದೆ ಕಳಿಸಿದರೆ ಪ್ಯಾಕೆಟ್ಟಿನ ಆರಂಭ ಕುಗ್ಗಿ, ಹಾರ್ಮೋನಿಕ್ (ಎರಡು, ಮೂರು ಪಟ್ಟು ಆವರ್ತನದ ಬೇಡದ ಸಿಗ್ನಲ್) ಹೆಚ್ಚುತ್ತವೆ.

ಪಂಪಿನ ಕ್ಲಾಕ್ ಕಳಿಸುವ ಸಿಗ್ನಲ್ಲಿಗೆ ಸೋರಿದೆಯೇ ಎಂದು ನೋಡಲು ಸ್ಪೆಕ್ಟ್ರಮ್ ಅನಲೈಸರ್ ಇಲ್ಲದಿದ್ದರೆ ಆರ್‌ಟಿಎಲ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೋ ರಿಸೀವರ್) ಆದರೂ ಸಾಕು, ಆದರೆ 1 ವ್ಯಾಟಿಗೆ ಸಿಗ್ನಲ್ ತಗ್ಗಿಸುವ ಕನಿಷ್ಠ 60 ಡೆಸಿಬೆಲ್ ಅಟೆನ್ಯುಯೇಟರ್ ನಡುವೆ ಇರಲಿ, ಅದರ ಮೊದಲ ತುಂಡು 1 ವ್ಯಾಟ್ ತಡೆಯುವಂಥದ್ದಾಗಿರಲಿ. ಮಾಡ್ಯುಲೇಷನ್ ಇಲ್ಲದ ಕ್ಯಾರಿಯರ್ ಕಳಿಸಿ. 7660 ಇದ್ದರೆ ಎರಡೂ ಬದಿಗೆ 5 ಕಿಲೋಹರ್ಟ್ಸ್ ದೂರದಲ್ಲಿ ಗೆರೆ ಏಳುತ್ತದೆಯೇ ಎಂದು ಹುಡುಕಿ. ಪಿನ್ 7ರಿಂದ ಪ್ಲಸ್‌ಗೆ 100 ಪಿಕೋಫ್ಯಾರಡ್ ಹಾಕಿದರೆ ಆಸಿಲೇಟರ್ 1 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಗೆರೆಗಳು 500 ಹರ್ಟ್ಸ್ ಹತ್ತಿರ ಸರಿದರೆ ಕಳ್ಳ ಸಿಕ್ಕಂತೆ. ಸರಿಯದಿದ್ದರೆ ಪವರ್ ಸಪ್ಲೈ ಕಡೆ ನೋಡಿ. ಪರೀಕ್ಷೆ ಮುಗಿದ ಮೇಲೆ ಆ ಕೆಪ್ಯಾಸಿಟರ್ ತೆಗೆಯಿರಿ, ಇಲ್ಲದಿದ್ದರೆ ಪಂಪಿನ ಎರಡೂ ಕೆಪ್ಯಾಸಿಟರ್‌ಗಳನ್ನು 100 ಮೈಕ್ರೋಫ್ಯಾರಡ್‌ಗೆ ಏರಿಸಬೇಕಾಗುತ್ತದೆ.