ಹ್ಯಾಮ್ ಹೌಸ್: ಮೊದಲು ಡಚೆಸ್‌ಳ ಚಹಾ ಕೋಣೆ, ಆಮೇಲೆ ನಿಮ್ಮ ಚಹಾ

ಲಂಡನ್ನಿನಲ್ಲಿ ಮಧ್ಯಾಹ್ನದ ಚಹಾಕ್ಕೆ ಎಲ್ಲಿಗೆ ಹೋಗಬೇಕೆಂದು ಕೇಳಿದರೆ ಬಹಳ ಜನ ದೊಡ್ಡ ಹೋಟೆಲುಗಳ ಹೆಸರು ಹೇಳುತ್ತಾರೆ. ನಾನು ಹೇಳುವುದು ರಿಚ್ಮಂಡ್ ಬಳಿ ಥೇಮ್ಸ್ ದಂಡೆಯಲ್ಲಿರುವ ಹ್ಯಾಮ್ ಹೌಸ್. 1610ರ ಈ ಮನೆಯನ್ನು 1670ರ ದಶಕದಲ್ಲಿ ಲಾಡರ್‌ಡೇಲ್‌ನ ಡಚೆಸ್ (ಡ್ಯೂಕ್ ಎಂಬ ದೊಡ್ಡ ಪದವಿಯವನ ಹೆಂಡತಿ) ಎಲಿಜಬೆತ್ ಮತ್ತು ಆಕೆಯ ಗಂಡ ಸೇರಿ ದೊಡ್ಡದು ಮಾಡಿದರು. 1948ರಲ್ಲಿ ಇದು ಹಳೆಯ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿತು.

ಮೊದಲು ಮನೆ ನೋಡಿ. ತೋಟ, ಕೆಫೆಗಳಿಗಿಂತ ಮನೆಯ ಬಾಗಿಲು ತೆರೆಯುವುದು ತಡ, ಮುಚ್ಚುವುದು ಬೇಗ; ಚಹಾ ಮುಗಿಸಿ ನೋಡೋಣವೆಂದು ಕೂತವರು ಕೋಣೆಗಳನ್ನು ಓಡುತ್ತಾ ನೋಡಬೇಕಾಗುತ್ತದೆ. ಹಳೆಯ ಬಟ್ಟೆ, ಬಣ್ಣ ಮಾಸಬಾರದೆಂದು ಕಿಟಕಿಗಳ ಪರದೆ ಇಳಿಸಿರುತ್ತಾರೆ. ಬಿಸಿಲಿನಿಂದ ಒಳಗೆ ಬಂದವರು ಕಣ್ಣು ಹೊಂದಿಕೊಳ್ಳಲು ಐದು ನಿಮಿಷವಾದರೂ ಕೊಡಬೇಕು, ಇಲ್ಲದಿದ್ದರೆ ಮೊದಲ ಕೋಣೆಗಳು ಬರೀ ಕತ್ತಲೆಯಾಗಿ ಉಳಿಯುತ್ತವೆ.

1638ರ ಸುಮಾರಿನ ಕೆತ್ತನೆಯ ಮೆಟ್ಟಿಲು ಚೆಂದವೇ, ಆದರೆ ಸಮಯ ಉಳಿಸಿಕೊಳ್ಳಬೇಕಾದದ್ದು ನೆಲಮಹಡಿಯ ಡಚೆಸ್‌ಳ ಖಾಸಗಿ ಕೋಣೆಗೆ. ನಾಲ್ಕೈದು ಜನ ನಿಂತರೆ ತುಂಬಿಹೋಗುವಷ್ಟು ಪುಟ್ಟದು. ಚಹಾ ಆಗ ಬಹಳ ದುಬಾರಿ. ಅಡುಗೆಮನೆಗೆ ಕೊಡದೆ ಯಜಮಾನಿಯೇ ತನ್ನ ಕೋಣೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. 1683ರ ಸಾಮಾನುಪಟ್ಟಿಯಲ್ಲಿ ಈ ಕೋಣೆಯ ಲೆಕ್ಕಕ್ಕೆ ಒಂದು ಚಹಾ ಮೇಜು, ಸಿಹಿತಿಂಡಿ ಮತ್ತು ಚಹಾ ಇಡುವ, ಅರಗಿನ ಮೆರುಗು ಹಚ್ಚಿದ ಪೆಟ್ಟಿಗೆ ಬರೆದಿದ್ದಾರೆ. ಮೇಜು ಜಾವಾದಿಂದ ಬಂದದ್ದು. ನೆಲದ ಮೇಲೆ ಕೂರುವವರಿಗೆ ಮಾಡಿದ ಗಿಡ್ಡ ಮೇಜಾದ್ದರಿಂದ, ಕುರ್ಚಿಯ ಎತ್ತರಕ್ಕೆ ಸರಿಹೋಗಲೆಂದು ಇಂಗ್ಲೆಂಡಿನಲ್ಲಿ ಕೆಳಗೆ ತಿರುಚು ಕಾಲುಗಳನ್ನು ಸೇರಿಸಿದರು. ಬಗ್ಗಿ ನೋಡಿ, ಎರಡು ದೇಶಗಳ ಕೆಲಸ ಸೇರಿದ ಜಾಗ ತಿಳಿಯುತ್ತದೆ. ಮಧ್ಯಾಹ್ನ ತಿಂಡಿಯೊಡನೆ ಚಹಾ ಕುಡಿಯುವ ಆಫ್ಟರ್‌ನೂನ್ ಟೀ ಎಂಬ ರೂಢಿ ಬಂದದ್ದು ಇದಕ್ಕೂ ಒಂದೂವರೆ ಶತಮಾನದ ನಂತರ, 1840ರ ಸುಮಾರಿಗೆ.

ಕೆಫೆ ಇರುವುದು ತರಕಾರಿ ತೋಟದ ತುದಿಯ ಆರೆಂಜರಿಯಲ್ಲಿ (ಚಳಿಯಿಂದ ಕಿತ್ತಳೆ ಗಿಡ ಕಾಪಾಡಲು ಕಟ್ಟುತ್ತಿದ್ದ ಮನೆ). ಅದೂ 1670ರ ದಶಕದ ಕಟ್ಟಡವೇ. ಮೂರಂತಸ್ತಿನ ತಟ್ಟೆಯ ಆಡಂಬರ ಬೇಕೆನ್ನುವವರು ಹೋಟೆಲಿಗೇ ಹೋಗಲಿ. ಇಲ್ಲಿ ಕೇಳಬೇಕಾದದ್ದು ಒಂದು ಪಾಟ್ ಚಹಾ, ಸ್ಕೋನ್ (ಬನ್ನಿನಂಥ ಪುಟ್ಟ ತಿನಿಸು), ಜಾಮ್, ಕ್ಲಾಟೆಡ್ ಕ್ರೀಮ್ ಎಂಬ ಗಟ್ಟಿ ಕೆನೆ. ನಮ್ಮ ಹಾಗೆ ಹಾಲು ಹಾಕಿ ಕುದಿಸಿದ ಚಹಾ ಅಲ್ಲ, ಹಾಲು ಬೇರೆ ಬರುತ್ತದೆ. ಪಾಟ್ ಬಂದ ಮೇಲೆ ಮೂರರಿಂದ ಐದು ನಿಮಿಷ ಬಿಡಿ. ಸೊಪ್ಪು ಅಥವಾ ಚೀಲ ಒಳಗೇ ಉಳಿದರೆ ಎರಡನೇ ಕಪ್ಪು ಒಗರಾಗುತ್ತದೆ. ಬಿಸಿನೀರು ಬೇರೆ ಕೇಳಿ ಬೆರೆಸಿಕೊಳ್ಳಿ. ಸ್ಕೋನನ್ನು ಕೈಯಲ್ಲೇ ಅಡ್ಡಕ್ಕೆ ಬಿಡಿಸಿ. ಇಂಗ್ಲೆಂಡಿನ ನೈಋತ್ಯದ ಎರಡು ಜಿಲ್ಲೆಗಳಲ್ಲಿ ಕಾರ್ನ್‌ವಾಲ್‌ನವರು ಜಾಮ್ ಮೊದಲು ಹಚ್ಚುತ್ತಾರೆ, ಡೆವನ್‌ನವರು ಕೆನೆ ಮೊದಲು. ಸ್ಕೋನ್ ಬಿಸಿಯಿದ್ದರೆ ಕಾರ್ನ್‌ವಾಲ್ ಕ್ರಮವೇ ಸರಿ, ಏಕೆಂದರೆ ಕನಿಷ್ಠ 55% ಕೊಬ್ಬಿರುವ ಆ ಕೆನೆ ಬಿಸಿ ತಾಗಿದರೆ ಕರಗಿ ಇಳಿದುಹೋಗುತ್ತದೆ.

ರಿಚ್ಮಂಡ್ ನಿಲ್ದಾಣದಿಂದ 65 ಅಥವಾ 371 ಬಸ್ಸು ಹಿಡಿಯಬಹುದು. ನದಿ ಪಕ್ಕದ ದಾರಿಯಲ್ಲಿ ನಡೆದರೆ ಸುಮಾರು ಎರಡೂವರೆ ಕಿಲೋಮೀಟರ್. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಉಬ್ಬರ ಜೋರಾದಾಗ ಆ ದಾರಿಗೂ ಕಾರು ನಿಲ್ಲಿಸುವ ಜಾಗಕ್ಕೂ ನೀರು ನುಗ್ಗುತ್ತದೆ. ಹೊರಡುವ ಮುನ್ನ ರಿಚ್ಮಂಡ್‌ನ ಉಬ್ಬರದ ವೇಳೆ ನೋಡಿಕೊಳ್ಳಿ.